ರೈಲು ಹೊರಟಾಗ ನಾವು ಕೂತಿದ್ದೆವು

ಉಸ್ತ್ಕಾ ದಾಟಿ ಎರಡನೇ ಊರು, ಬುಧವಾರ

ಓರಗಿತ್ತಿ ಗ್ರಾಝಿನಾಗೆ,

ಈ ಮನೆತನದ ಹಿರಿಸೊಸೆ ನಾನು. ನಾನು ಏಳದೆ ಊಟದ ಮೇಜಿನಿಂದ ಯಾರೂ ಎದ್ದದ್ದಿಲ್ಲ. ಚಳಿಗಾಲವಿಡೀ ನಕ್ಷೆ ಹರಡಿ ಯೋಚಿಸಿದಂತೆಯೇ ನಮ್ಮ ಆರು ಸೈಕಲ್ಲುಗಳೂ ಉಸ್ತ್ಕಾದಲ್ಲಿ ಕಡಲು ಮುಟ್ಟಿದವು. ನಿನ್ನೆ ಮನೆಗೆ ಮರಳುವ ರೈಲು ಬಂದು ನಿಂತಿತ್ತು. ನಮ್ಮ ಹಳೇ ಪದ್ಧತಿಯಂತೆ ಪಯಣಕ್ಕೆ ಮುಂಚೆ ಒಂದು ಗಳಿಗೆ ಮೌನವಾಗಿ ಕೂರಬೇಕಲ್ಲ, ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದೆ. ಕಡಲಿನ ಮಂಜು ಹಳಿಯವರೆಗೂ ಬಂದಿತ್ತು. ಅದರೊಳಗೆ ದೀಪದ ಕಿಟಕಿಗಳು ಒಂದೊಂದಾಗಿ, ಸದ್ದಿಲ್ಲದೆ ತೇಲಿಹೋದವು. ಅದು ನಮ್ಮದೇ ರೈಲೆಂದು ತಡವಾಗಿ ಹೊಳೆಯಿತು.

"ಅತ್ತಿಗೆ, ನೀವು ಏಳ್ಲಿಲ್ಲ, ಅದಕ್ಕೇ ನಾವೂ ಏಳ್ಲಿಲ್ಲ," ಎಂದ ನಿನ್ನ ಗಂಡ ಝೆನೆಕ್. "ರೈಲಿಗೆ ಮಾತ್ರ ನಿಮ್ಮ ಭಯ ಇಲ್ಲ ನೋಡಿ."

"ಸಾಕು, ಬಾಯ್ಮುಚ್ಚು," ಎಂದೆ.

ಸೈಕಲ್ ಹತ್ತಿಸಿಕೊಳ್ಳುವ ಮುಂದಿನ ರೈಲು ಸೋಮವಾರ. ಕ್ಯಾಲೆಂಡರಿನಲ್ಲಿ ನಿನ್ನ ಹೆಸರಿರುವ ದಿನ, ನಿನ್ನ ಹೆಸರಿನ ಹಬ್ಬ, ಭಾನುವಾರ. ಆ ಹಬ್ಬವನ್ನು ನಾನು ಒಂದು ವರ್ಷವೂ ತಪ್ಪಿಸಿದವಳಲ್ಲ. ಸೈಕಲ್ ಬಿಟ್ಟು ಬರುವ ಮಾತೂ ಇಲ್ಲ. ಮಂಡಿ ನೋಯುತ್ತಿದೆ, ಕರ್ಪೂರದೆಣ್ಣೆ ಹಚ್ಚಿದ್ದೇನೆ. ಗಸಗಸೆ ಕೇಕನ್ನು ನಾನು ಬರುವವರೆಗೆ ಕತ್ತರಿಸಬೇಡ. ಹೋದ ದಾರಿಯಲ್ಲೇ ಆರೂ ಜನ ತುಳಿದು ಬರುತ್ತಿದ್ದೇವೆ. ಹೊರಡುವ ಮುಂಚೆ ಎಲ್ಲರನ್ನೂ ಮತ್ತೆ ಕೂರಿಸಿದೆ, ನಿನ್ನೆಗಿಂತ ತುಸು ಹೆಚ್ಚೇ ಹೊತ್ತು.

ಅಪೊಲೊನ್ಯಾ