ಪುಡಿ ಮುಗಿಯದ ಮಿಷಿನ್ನು

೧೮ ಡಿಸೆಂಬರ್ ೨೦೦೪, ಶನಿವಾರ. ಬೆಳಿಗ್ಗೆ

ಮುಖ ತೊಳೆಸಿ, ಕಾಫಿ ಕುಡಿಸಿ, ಅವ್ವನನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಇವತ್ತೂ ಗೋಡೆ ಕಡೆ ತಿರುಗಿಬಿಟ್ಟಳು. ತಿರುಗದೆ ಇನ್ನೇನು? ಹೊಸ್ತಿಲ ಮುಂದೆ ಅತ್ತಿಗೆ ಭಾನುಪ್ರಿಯಾ ಅಂಟಿಸಿದ ಪ್ಲಾಸ್ಟಿಕ್ ರಂಗೋಲಿ. ಸ್ಟಿಕ್ಕರ್! ಧನುರ್ಮಾಸದಲ್ಲಿ ನಮ್ಮವ್ವ ಮುದ್ದಮ್ಮನ ಬಾಗಿಲಿಗೆ ಸ್ಟಿಕ್ಕರ್! ಅವ್ವ ಕಣಕಟ್ಟೆಯಿಂದ ಮದುವೆಯಾಗಿ ಬಂದಾಗಿನಿಂದ ಈ ಬೀದಿ ಅವಳ ಹದಿನೈದು ಚುಕ್ಕಿ ನೋಡಿಕೊಂಡೇ ಎದ್ದಿದೆ.

"ಕಿತ್ತು ಬಿಸಾಕ್ತೀನಿ" ಅಂದೆ.

"ಬಿಸಾಕಿ. ಹಂಗಾರೆ ನೀವೇ ಇಕ್ಕಿ" ಅಂದಳು ಅತ್ತಿಗೆ.

ರಂಗೋಲಿ ನನಗೆ ಬರುವುದಿಲ್ಲ. ಕಂಪ್ಯೂಟರ್ ಟೀಚರ್, ವಯಸ್ಸು ಮೂವತ್ತೆರಡು, ನಾಲ್ಕು ಚುಕ್ಕಿ ದಾಟಿದರೆ ಎಳೆ ಎಲ್ಲಿಗೋ ಹೋಗುತ್ತದೆ.

ದೀಪಾವಳಿ ಮುಗಿದ ವಾರವೇ ಅವ್ವನಿಗೆ ಸ್ಟ್ರೋಕ್. ಬಲಗೈ ಹೋಯಿತು. ಮಾತು ತೊದಲುತ್ತದೆ, ಬೈಗುಳ ಮಾತ್ರ ಸ್ಪಷ್ಟ. ಎಡಗೈಗೆ ಕೆಲಸ ಕೊಡಿ, ಇಲ್ಲದಿದ್ದರೆ ಅದೂ ಮರಗಟ್ಟುತ್ತದೆ ಅಂದಿದ್ದಾರೆ ಡಾಕ್ಟರು. ಅವ್ವ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಾಳೆ. "ಎಡಗೈಲಿ ರಂಗೋಲಿ ಇಕ್ತಾರೇನೇ, ಮೂದೇವಿ?"

ಸರಿ. ನಾನೇ ಕಲಿಯುತ್ತೇನೆ. ಸಂಕ್ರಾಂತಿಗೆ ಹದಿನೈದು ಚುಕ್ಕಿ ಈ ಬಾಗಿಲಲ್ಲಿ ಬೀಳಲೇಬೇಕು. ಎಲ್ಲಿಂದ ಶುರು, ಯಾವ ಕಡೆ ತಿರುಗಬೇಕು ಅಂತ ಕೇಳಿದೆ.

"ನಂಗೇನ್ ಗೊತ್ತು? ಕೈಗೆ ಗೊತ್ತಿತ್ತು."

೨೦ ಡಿಸೆಂಬರ್, ಸೋಮವಾರ

ಪಾಠದ ಮಧ್ಯೆ ಥಟ್ಟನೆ ನೆನಪಾಯಿತು. ಫ್ಲಾಪಿ!

ಹತ್ತನೇ ಕ್ಲಾಸಿನಲ್ಲಿ ಶಾಲೆಗೆ ಸರ್ಕಾರದಿಂದ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಅವ್ವನ ಹದಿನೈದು ಚುಕ್ಕಿ ಬಿಡಿಸುವ ಪ್ರೋಗ್ರಾಂ ಬರೆದಿದ್ದೆ. ಅವಳ ಹಿಂದೆ ಕೂತು, ಕೈ ಹೋದ ದಾರಿಯನ್ನೇ ಒಂದೊಂದು ತಿರುವೂ ಬಿಡದೆ. ಸಾಯಂಕಾಲ ಟ್ರಂಕು ಬುಡಮೇಲು ಮಾಡಿದೆ. ಫ್ಲಾಪಿ ಇದೆ. ಕಂಪ್ಯೂಟರ್ ಇಲ್ಲ. ಶಾಲೆಯವರು ಗುಜರಿಗೆ ಹಾಕಿದರಂತೆ. ಒಂದು ಮಾತು ಹೇಳಿದ್ದರೆ ಹೊತ್ತುಕೊಂಡು ಬರುತ್ತಿದ್ದೆನಲ್ಲ, ದರಿದ್ರದವರು! ಬೆಂಗಳೂರಿನಲ್ಲಿ ಇಂಥ ಫ್ಲಾಪಿ ಓದುವ ಹಳೆ ಡ್ರೈವ್ ಇಟ್ಟುಕೊಂಡಿರುವ ಗೆಳತಿ ದಿವ್ಯಾಗೆ ಫ್ಲಾಪಿ ಕಳಿಸಿದೆ.

೨೭ ಡಿಸೆಂಬರ್, ಸೋಮವಾರ

ಫ್ಲಾಪಿಯಲ್ಲಿದ್ದದ್ದನ್ನು ದಿವ್ಯಾ ಸಿಡಿಗೆ ಇಳಿಸಿ ಕಳಿಸಿದ್ದಾಳೆ. ಪ್ರೋಗ್ರಾಂ ಕೆಟ್ಟಿಲ್ಲ. ಇನ್ನು ಎಮ್ಯುಲೇಟರ್ ಬೇಕು, ಈಗಿನ ಪಿಸಿಗೆ ಆ ಹಳೆ ಮೈಕ್ರೋದ ವೇಷ ಹಾಕಿಸುವ ಸಾಫ್ಟ್‌ವೇರ್. ಬಸ್‌ಸ್ಟ್ಯಾಂಡ್ ಹತ್ತಿರ ಲೋಕೇಶನ ಸೈಬರ್ ಸೆಂಟರಿನಲ್ಲಿ ನಾಲ್ಕು ಇಳಿಸಿಕೊಂಡೆ. ಎಲ್ಲ ಪುಕ್ಕಟೆ.

ಮೊದಲನೆಯದು: RUN ಅಂತ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ರಂಗೋಲಿ ಪೂರ್ತಿ. ಇಷ್ಟೇನಾ? ಒಂದೇ ಎಳೆ ಅದು, ಎಲ್ಲ ಚುಕ್ಕಿ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಮುಗಿದದ್ದನ್ನು ನೋಡಿದರೆ ತಲೆ ಯಾವುದು, ಬಾಲ ಯಾವುದು, ತಿಳಿಯುವುದು ಹೇಗೆ? ಮಧ್ಯೆ ಮಧ್ಯೆ ನಿಲ್ಲಲಿ ಅಂತ ನಾನು ಬರೆದ, ಸುಮ್ಮನೆ ಎಣಿಸುತ್ತಾ ಹೊತ್ತು ಕಳೆಯುವ ಲೂಪನ್ನೆಲ್ಲ ನುಂಗಿ ನೀರು ಕುಡಿದಿದೆ.

"ಲೂಪ್ ನಂಬರ್ ಜಾಸ್ತಿ ಮಾಡಿ ಮೇಡಂ" ಅಂದ ಲೋಕೇಶ್. ಮಾಡಿದೆ. ನಿಲ್ಲುವಲ್ಲಿ ನಿಲ್ಲುತ್ತದೆ, ಹೊರಟರೆ ಗುಂಡು ಹಾರಿದ ಹಾಗೆ. ಕೈ ಹೀಗೆ ಹೋಗುತ್ತದಾ?

"ಎಲ್ಲಾ ಒಂದೇ ಕಣ್ರೀ ಮೇಡಂ. ಚಿತ್ರ ಬಂತಲ್ಲ, ಸಾಕು ಬಿಡಿ."

ಇವನ ತಲೆ!

೩೦ ಡಿಸೆಂಬರ್, ಗುರುವಾರ

ಎರಡನೆಯದು. ವೇಗ ಪರವಾಗಿಲ್ಲ, ಆಕಾರ ಹಾಳು. ಚುಕ್ಕಿಗಳ ಮಧ್ಯದ ಜಾಗವೇ ಅಪ್ಪಚ್ಚಿ. ಎಳೆಯ ದುಂಡು ಸುತ್ತೆಲ್ಲ ಮೊಟ್ಟೆಯ ಹಾಗೆ. ಇದನ್ನು ನೋಡಿ ನೆಲದ ಮೇಲೆ ಹಾಕಿದೆ. ಅತ್ತಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ಸ್ಟಿಕ್ಕರೇ ವಾಸಿ."

ಅವಳು ಹೇಳಿದ್ದು ನಿಜ. ಅದಕ್ಕೇ ಸಿಟ್ಟು ನೆತ್ತಿಗೇರಿತು.

೮ ಜನವರಿ ೨೦೦೫, ಶನಿವಾರ

ವಾರದಿಂದ ಬರೆದಿಲ್ಲ. ಪರೀಕ್ಷೆ, ಪೇಪರ್ರು, ಅವ್ವನ ಹಟ. ಊಟ ಅರ್ಧಕ್ಕೆ ಬಿಡುತ್ತಾಳೆ. ಎಡಗೈ ಬೆರಳು ಬಿಡಿಸಲು ಹೋದರೆ ಕೊಸರುತ್ತಾಳೆ. ಬೆರಳು ಬಿಗಿಯಾಗುತ್ತಿವೆ. ಭಯವಾಗುತ್ತದೆ. ಭಯವಾದರೆ ರೇಗುತ್ತೇನೆ. ರೇಗಿದರೆ ಅವಳು ಇನ್ನೂ ರೇಗುತ್ತಾಳೆ.

ಇವತ್ತು ಪಿಸಿಯನ್ನೇ ಪಡಸಾಲೆಗೆ ಎಳೆದು ಬಾಗಿಲ ಹತ್ತಿರ ಇಟ್ಟೆ. ಮೂರನೆಯದು. ಆಕಾರ ಸರಿ, ವೇಗ ಸರಿ… ಹೋಗುತ್ತಾ ಹೋಗುತ್ತಾ ಎಳೆ ತೂಕಡಿಸತೊಡಗಿತು. ಎಲ್ಲೆಂದರಲ್ಲಿ ನಿಂತು, ಮತ್ತೆ ಹೊರಡುವುದು. ನಾನು ಕೀಬೋರ್ಡ್ ಕುಟ್ಟಿದೆ.

ಗೋಡೆ ಕಡೆಯಿಂದ ದನಿ: "ಅಲ್ಯಾಕ್ ನಿಂತ್ಕಂತು?"

ತಿರುಗಿದೆ. ಅವ್ವ ಕತ್ತು ಹೊರಳಿಸಿ ನೋಡುತ್ತಿದ್ದಾಳೆ! ಎಷ್ಟು ಹೊತ್ತಿನಿಂದಲೋ.

"ಕೈತುಂಬ ಪುಡಿ ಐತೆ. ಅಲ್ಲಿ ನಿಲ್ಲಂಗಿಲ್ಲ. ಆ ಮೂಲೆ ದಾಟಿ ನಿಲ್ಬೇಕು. ಯಾವ್ ಕತ್ತೆ ಹೇಳ್ಕೊಟ್ಟಿದ್ದು ಇದಕ್ಕೆ?"

"ಈ ಕತ್ತೇನೇ" ಅಂದೆ. ಅಳು ಬಂತು, ನಗುವೂ ಬಂತು. ಶಾಲೆಯ ಎಕ್ಸಿಬಿಷನ್ನಿಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ನನ್ನ ರಂಗೋಲಿ ನಿಲ್ಲದೆ ಓಡುವುದನ್ನು ನೋಡಿ, ಎಲ್ಲರೆದುರು ಕೇಳಿದ್ದಳು: "ಪುಡಿ ಮುಗಿಯಲ್ವೇನೇ ನಿನ್ ಮಿಷಿನ್ನಿಗೆ?" ಮೇಷ್ಟ್ರುಗಳೆಲ್ಲ ಬಿದ್ದು ಬಿದ್ದು ನಕ್ಕರು. ಅವಮಾನ. ಮೂರು ದಿನ ಅವ್ವನ ಜೊತೆ ಮಾತು ಬಿಟ್ಟೆ. ಆಮೇಲೆ ಹಟಕ್ಕೆ ಬಿದ್ದು, ಅವಳ ಕೈ ಪುಡಿ ಬಟ್ಟಲಿಗೆ ಹೋಗುವ ಕಡೆಯಲ್ಲೆಲ್ಲ ಒಂದೊಂದು ಲೂಪ್ ಹಾಕಿದೆ. ತಿದ್ದಿದ್ದನ್ನು ಅವಳಿಗೆ ತೋರಿಸಲೇ ಇಲ್ಲ.

ಈ ಹಾಳು ಎಮ್ಯುಲೇಟರು ನನ್ನ ಲೂಪಿನಲ್ಲೂ ನಿಲ್ಲುತ್ತದೆ, ತನ್ನ ತೂಕಡಿಕೆಯನ್ನೂ ಸೇರಿಸುತ್ತದೆ. ಕಲಿಯುವವಳಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವ್ವನಿಗೆ ಗೊತ್ತಾಯಿತು.

೧೩ ಜನವರಿ, ಗುರುವಾರ

ನಾಲ್ಕನೆಯದು ಇವತ್ತು ಹಿಡಿತಕ್ಕೆ ಬಂತು. ಕೀಬೋರ್ಡಿನ ಕೀಲಿಗಳೆಲ್ಲ ಅದಲುಬದಲು, ಒಂದು ಒತ್ತಿದರೆ ಇನ್ನೊಂದು. ಮೂರು ಸಂಜೆ ಬೈದುಕೊಂಡೇ ಸರಿಮಾಡಿದೆ. ಆದರೆ ಓಡಿದಾಗ… ಅದೇ. ಅಂದು ಶಾಲೆಯ ಮೈಕ್ರೋಗೆ ಜೋಡಿಸಿದ್ದ ಟೀವಿ ಮೇಲೆ ಕಂಡದ್ದು. ಹೋಗುವುದು, ನಿಲ್ಲುವುದು, ಮತ್ತೆ ಹೋಗುವುದು.

ಅವ್ವ ಮೊದಲಿಂದ ಕೊನೆಯವರೆಗೆ ನೋಡಿದಳು. ಬೈಯಲಿಲ್ಲ. ಎಳೆ ನಿಂತಾಗಲೆಲ್ಲ ಸೆರಗಿನೊಳಗೆ ಏನೋ ಅಲುಗಿತು. ನಾನು ನೋಡದ ಹಾಗೆ ಇದ್ದೆ.

ಅಣ್ಣ ಶಿವಪ್ರಕಾಶ್ ಪೇಟೆಯಿಂದ ಪುಡಿ ತಂದ. ನಾಳೆ ಸ್ಕ್ರೀನ್ ನೋಡಿಕೊಂಡು ಹಾಕುತ್ತೇನೆ. ಸ್ಟಿಕ್ಕರನ್ನು ಚಾಕುವಿನಿಂದ ಕೆರೆದು ತೆಗೆದೆ. ಅತ್ತಿಗೆಯೇ ಬಿಸಿನೀರು ಸುರಿದು ಅಂಟು ತೊಳೆದಳು.

೧೪ ಜನವರಿ, ಸಂಕ್ರಾಂತಿ. ಬೆಳಿಗ್ಗೆ

ಅಂಗಳ ಸಾರಿಸಿ ಆಯಿತು. ಚುಕ್ಕಿ ಇಟ್ಟೆ. ಸ್ಕ್ರೀನಿನ ಕಡೆ ಒಂದು ಕಣ್ಣು, ನೆಲದ ಕಡೆ ಒಂದು ಕಣ್ಣು. ಎರಡನೇ ಸಲ ನಿಲ್ಲುವವರೆಗೂ ಸರಿಯಾಗಿ ಬಂದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಹಬ್ಬದ ದಿನವೂ! ಇವರ ಮನೆ ಹಾಳಾಗ! ಯುಪಿಎಸ್ ಸತ್ತು ವರ್ಷವಾಯಿತು. ಪುಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದೇನೆ, ಮುಂದಿನ ತಿರುವು ಎಡಕ್ಕೋ ಬಲಕ್ಕೋ ಗೊತ್ತಿಲ್ಲ. ಬಟ್ಟಲು ಎಸೆಯುವವಳಿದ್ದೆ.

"ಏಳೇ. ನನ್ ಇಳ್ಸಿ."

ಅಣ್ಣನೂ ನಾನೂ ಹಿಡಿದು ಮಣೆಯ ಮೇಲೆ ಕೂರಿಸಿದೆವು. ಎಡಗೈ ಸೆರಗಿನಿಂದ ಹೊರಗೆ ಬಂತು. ಬಟ್ಟಲಿಗೆ ಹೋಯಿತು. ಅತ್ತಿಗೆ ಬಾಯಿ ತೆರೆದಳು.

"ಮುಚ್ಚೇ ಬಾಯಿ" ಅಂದಳು ಅವ್ವ. "ಅದ್ಯಾವ್ ದೇವ್ರು ಕೇಳ್ತಾನೋ ನಾನೂ ನೋಡ್ತೀನಿ."

ಎಳೆ ನಡುಗುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಆದರೆ ತಿರುವು ಒಂದೂ ತಪ್ಪಿಲ್ಲ. ನಿಲ್ಲುವುದು ಮಾತ್ರ ಬಲಗೈ ನಿಲ್ಲುತ್ತಿದ್ದ ಕಡೆಯಲ್ಲ. ಎಡಗೈ ಹಿಡಿ ಚಿಕ್ಕದು, ಬೇಗ ಬೇಗ ಬಟ್ಟಲಿಗೆ ಹೋಗುತ್ತದೆ. ಈ ಲೆಕ್ಕ ಯಾವ ಎಮ್ಯುಲೇಟರಿನಲ್ಲೂ ಇಲ್ಲ. ನೆರಳು ಬೀಳ್ತದೆ, ದೂರ ಹೋಗು ಅಂತ ನನ್ನನ್ನು ಅಟ್ಟಿದಳು. ಹೊಸ್ತಿಲ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಒಳಗೆ ಬೀಪ್ ಅಂತು, ಕರೆಂಟ್ ಬಂತು. ಯಾರೂ ಏಳಲಿಲ್ಲ. ಅರ್ಧ ದಾಟಿದಳು. ಅವಳು ಈಗ

"ಏನ್ ಬರೀತಾ ಕೂತಿದ್ಯೇ ಕಮಲೂ? ಪುಡಿ ಮುಗೀತು, ತಾ —"