ಮುರಗೆಪ್ಪನ ಹೆರಿಗೆ

ರಾಯಬಾಗ
14 ನವೆಂಬರ್ 2024

ಅವ್ವಾ,

ನಿನ್ನ ರಾಜೇಶ್ವರಿಯ ನಮಸ್ಕಾರ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಈ ಕಾಗದ. ಸ್ನೇಹಲಳ ಕೈಗೆ ಕೊಡಬೇಡ. ತುಂಬಿದ ಬಸುರಿ, ತಂಗಿ ಹೆದರಿಕೊಂಡಾಳು. ನೀನೇ ಕನ್ನಡಕ ಹಾಕಿಕೊಂಡು ಓದು.

ಎರಡು ದಿನದಿಂದ ನಮ್ಮ ಆಸ್ಪತ್ರೆಯಲ್ಲಿ ತರಬೇತಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ನಾಟಕ ಆಡಿಸಿ ಕಲಿಸುತ್ತಾರೆ. ಎಂಟು ವರ್ಷದಿಂದ ಹೆರಿಗೆ ಮಾಡಿಸುತ್ತಿರುವ ನನಗೆ! ಬಾಣಂತಿಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ನಮ್ಮ ಗಂಡು ನರ್ಸ್, ಬ್ರದರ್ ಮುರಗೆಪ್ಪನ ಸೊಂಟಕ್ಕೆ ರಬ್ಬರಿನ ಹೊಟ್ಟೆ ಕಟ್ಟಿದರು. ಆ ಮೀಸೆಯ ಗಂಡಸು ಮಂಚದ ಮೇಲೆ ಮಲಗಿ "ಯವ್ವಾ, ಸತ್ತೆನ್ರೆವ್ವಾ" ಎಂದು ಒದರಿದರೆ ಹೊರಗಿನ ಮಂದಿಯೆಲ್ಲ ಕಿಟಕಿಗೆ ಮುತ್ತಿದರು. ನನಗೆ ಮೈಯೆಲ್ಲ ಉರಿಯಿತು.

ಗೊಂಬೆ ಕೂಸು ಹೊರಬಂತು. ಹಿಂದೆಯೇ ಕೆಂಪು ನೀರು ಬಿಟ್ಟರು. ನಾನು ಹೊಟ್ಟೆ ತಿಕ್ಕಿದೆ, ಸಲಾಯಿನ್ ಹಚ್ಚಿದೆ, ನಡುನಡುವೆ ತೊಯ್ದ ಬಟ್ಟೆ ಎಳೆದು ಬಕೆಟ್ಟಿಗೆ ಹಾಕಿ ಒಣ ಬಟ್ಟೆ ಹಾಸಿದೆ. ಕಲಿಸುವ ಡಾಕ್ಟರಮ್ಮ "ರಕ್ತ ಎಷ್ಟ ಹೋಗೇತ್ರಿ ಸಿಸ್ಟರ್?" ಎಂದು ಕೇಳಿದರು. ಹಾಸಿಗೆ ನೋಡಿ "ಇನ್ನೂರ ಎಮ್ಮೆಲ್ ಇರಬೇಕ್ರಿ" ಎಂದೆ. ಅವರು ಬಕೆಟ್ಟಿನ ಬಟ್ಟೆ ತೂಗಿಸಿದರು. ಲೀಟರಿಗೂ ಮೇಲೆ! ಇನ್ನೂರೇ ಎಂದುಕೊಂಡು ನಾನು ಡಾಕ್ಟರನ್ನೂ ಕರೆದಿರಲಿಲ್ಲ, ರಕ್ತಕ್ಕೂ ಹೇಳಿ ಕಳಿಸಿರಲಿಲ್ಲ. ಮುರಗೆಪ್ಪ ಮಲಗಿದಲ್ಲಿಂದಲೇ "ನಾ ಆಗಳೇ ಹೋಗೇನ್ರಿ ಸಿಸ್ಟರ್, ನೀವ ಇನ್ನೂ ಹಾಸಗಿ ಚಂದ ಮಾಡಾಕತ್ತೀರಿ" ಎಂದ. ಎಲ್ಲರೂ ನಕ್ಕರು. ಹಟ ಹಿಡಿದು ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ ತಪ್ಪು, ತೊಯ್ದ ಬಟ್ಟೆ ಬಕೆಟ್ಟಿಗೆ. ಮೂರನೆಯ ಸಲ ಡಾಕ್ಟರಮ್ಮ ನನ್ನ ಕೈಯನ್ನೇ ಹಿಡಿದು ನಿಲ್ಲಿಸಿದರು.

ಈ ಕೈಗೆ ಅದನ್ನು ಕಲಿಸಿದವಳು ನೀನು. ನಮ್ಮೂರು ಸತ್ತಿಯಲ್ಲಿ ಯಾರ ಮನೆಯ ಹೆರಿಗೆಗೆ ಹೋದರೂ ನೀನು ಮೊದಲು ಬಟ್ಟೆ ಮರೆಮಾಡುತ್ತಿದ್ದೆ. ಗಂಡಸರ ಕಣ್ಣಿಗೆ ಬೀಳಬಾರದು, ಬಾಣಂತಿ ಹೆದರಬಾರದು, ದೃಷ್ಟಿ ತಾಗಬಾರದು. ಎಂಥ ಚೊಕ್ಕ ಹೆಂಗಸು ಎಂದು ಊರೆಲ್ಲ ಹೊಗಳುತ್ತಿತ್ತು. ಮುಂದಿನ ತಿಂಗಳು ಸ್ನೇಹಲಳ ಹೆರಿಗೆಗೆ ಇಲ್ಲಿಗೆ ಬಂದೇ ಬರುತ್ತೀ. ಬಾ. ಆದರೆ ಒಂದು ಬಟ್ಟೆಯನ್ನೂ ಮುಟ್ಟಬೇಡ. ಮುಟ್ಟಿದರೆ ತಾಯಿ ಎಂದೂ ನೋಡದೆ ಹೊರಗೆ ಕಳಿಸುತ್ತೇನೆ. ಸಿಟ್ಟು ಬಂದರೆ ಬರಲಿ.

ನಿನ್ನ ಮೊಂಡ ಮಗಳು,
ರಾಜೇಶ್ವರಿ

ತಾ.ಕ.: ನಮ್ಮ ಹಿರಿಯಳು ಶೈಲಕ್ಕ ಹೆತ್ತು ತೀರಿಕೊಂಡಾಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಅಂದು ಮನೆಯಲ್ಲಿ ತೊಯ್ದ ಬಟ್ಟೆಗಳನ್ನು ನೀನು ತಿರುಗಿ ನೋಡದೆ ಹಿಂದಕ್ಕೆ ಚಾಚುತ್ತಿದ್ದೆ, ನಾನು ಹಿತ್ತಲ ಬಾನಿಯಲ್ಲಿ ನೆನೆಹಾಕುತ್ತಿದ್ದೆ. ಆಸ್ಪತ್ರೆಗೆ ಒಯ್ದಾಗ ಡಾಕ್ಟರು ರಕ್ತ ಎಷ್ಟು ಹೋಯಿತೆಂದು ಕೇಳಿದರು. ನೀನು "ಜರಾ ಹೋಗೇತ್ರಿ, ಭಾಳೇನಿಲ್ರಿ" ಎಂದೆ. ನೀನು ಸುಳ್ಳು ಹೇಳಲಿಲ್ಲ ಅವ್ವಾ, ನೀನು ಎಣಿಸಿರಲಿಲ್ಲ. ನಾನು ಎಣಿಸಿದ್ದೆ. ಹದಿನಾಲ್ಕು. ನಿನ್ನ ಪಕ್ಕದಲ್ಲೇ ನಿಂತಿದ್ದೆ, ಡಾಕ್ಟರ ಮುಂದೆ ನಿನ್ನ ಮಾತು ಸುಳ್ಳಾದೀತೆಂದು ಸುಮ್ಮನಿದ್ದೆ.