ಇನ್ನೊಬ್ಬರ ಸ್ವರದಲ್ಲಿ

ಅಲ್ ಬರ್ಷಾ, ದುಬೈ
20 ಡಿಸೆಂಬರ್ 2016

ನನ್ನ ಯಶ್ಮಿತಾಳಿಗೆ,

ಅಮ್ಮನ ಮುದ್ದು. ಕಾಗದ ನೋಡಿ ಗಾಬರಿಯಾಗಬೇಡ, ನನಗೆ ಏನೂ ಆಗಿಲ್ಲ. ಫೋನಿನಲ್ಲಿ ನನ್ನ ಮಾತು ‘ಎಲ್ಲ ಒಳ್ಳೆದುಂಟು, ಊಟ ಆಯ್ತಾ’ ಎಂಬುದರಿಂದ ಆಚೆ ಹೋಗುವುದಿಲ್ಲ. ಅದು ನಿನಗೂ ಬಾಯಿಪಾಠ ಆಗಿರಬೇಕು. ಮೊದಲು ನನ್ನ ರೂಮಿನಲ್ಲೇ ಇದ್ದ ಒಲಿಂಡಾ ಕ್ರಿಸ್‌ಮಸ್ಸಿಗೆ ಊರಿಗೆ ಹೊರಟಿದ್ದಾಳೆ. ಇದನ್ನು ನಿನ್ನ ಕೈಗೇ ಕೊಡಬೇಕು, ದೊಡ್ಡಮ್ಮನ ಕೈಗೆ ಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ಯಾಕೆಂದು ಕೊನೆಗೆ ಗೊತ್ತಾಗುತ್ತದೆ.

ನಾನು ನೋಡಿಕೊಳ್ಳುವ ಅಜ್ಜ ಒಂದು ಕಾಲದಲ್ಲಿ ಇಟಲಿಯ ಸಿನೆಮಾ ನಟ ಎಂದು ಹೇಳಿದ್ದೆನಲ್ಲ. ಹೆಸರು ಎತ್ತೊರೆ ಮಲ್ಫಾಂತಿ. ನೀನು ‘ಹೌದಾ’ ಎಂದು ಬೇರೆ ಮಾತಿಗೆ ಹೋದೆ. ನಿನ್ನ ತಪ್ಪಲ್ಲ, ಈ ಕಟ್ಟಡದಲ್ಲೂ ಯಾರಿಗೂ ಗೊತ್ತಿಲ್ಲ. ಅವರ ಮಗ ಇಲ್ಲಿ ಇಂಜಿನಿಯರ್. ಅಜ್ಜಿ ತೀರಿದ ಮೇಲೆ ಅಪ್ಪನನ್ನು ಕರೆಸಿಕೊಂಡಿದ್ದಾರೆ. ಮಗ, ಸೊಸೆ ಬೆಳಗ್ಗೆ ಹೊರಟರೆ ಮತ್ತೆ ಮನೆಯಲ್ಲಿ ಅಜ್ಜ, ನಾನು ಮತ್ತು ಎ.ಸಿ.ಯ ಸದ್ದು. ಬಾಲ್ಕನಿಯಲ್ಲಿ ಕೂತು ಮೆಟ್ರೋ ಹೋಗುವುದನ್ನು ನೋಡುತ್ತೇವೆ. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಹಾಗಾಗಿ ಒಳ್ಳೆಯ ಜೋಡಿ.

ಅವರು ಮೀನುಗಾರರ ಊರಿನವರು. ನಮ್ಮ ಮಲ್ಪೆಯ ಹಾಗೆ ಎಂದೆ. ಒಣಮೀನಿನ ವಾಸನೆಯ ಬಗ್ಗೆ ಇಬ್ಬರೂ ಒಂದು ಸಂಜೆಯಿಡೀ ಮಾತಾಡಿದೆವು. ಹತ್ತೊಂಬತ್ತರ ಪ್ರಾಯದಲ್ಲಿ ಬಲೆ ಎಳೆಯುತ್ತಿದ್ದವರನ್ನು ಶೂಟಿಂಗಿಗೆ ಬಂದ ನಿರ್ದೇಶಕನೊಬ್ಬ ಕಂಡು ರೋಮ್‌ಗೆ ಕರೆದುಕೊಂಡು ಹೋದನಂತೆ. ಮುಖ ಚಿನ್ನದಂಥದ್ದು. ಆದರೆ ಸ್ವರ ತೆಳ್ಳಗೆ, ಮಾತು ಹಳ್ಳಿಯದು. ಅದಕ್ಕೆ ಅವರ ಮಾತನ್ನೆಲ್ಲ ಪಟ್ಟಣದ ಇನ್ನೊಬ್ಬನಿಂದ ಹೇಳಿಸಿದರು. ಆಗ ಅಲ್ಲಿ ಅದು ಮಾಮೂಲಂತೆ. ಚಿತ್ರದ ಮೇಲೆ ಚಿತ್ರ, ಇವರ ಮುಖ, ಅವನ ಸ್ವರ. ಹುಡುಗಿಯರು ಮಾತಾಡಿಸಲು ಬಂದರೆ ಇವರು ಬಾಯಿ ಬಿಡದೆ ನಗುತ್ತಿದ್ದರು. ಪತ್ರಿಕೆಯವರು ‘ಗಂಭೀರ ಮನುಷ್ಯ’ ಎಂದು ಬರೆದರು. ಇದನ್ನು ಹೇಳುವಾಗ ಅಜ್ಜ ನಕ್ಕರು, ನಾನೂ ನಕ್ಕೆ.

ಮೊದಲ ಚಿತ್ರ ಊರಿಗೆ ಬಂದಾಗ ಅವರ ಅಮ್ಮ ಹೊಸ ಬಟ್ಟೆ ತೊಟ್ಟು ಹೋದರಂತೆ. ಅರ್ಧದಲ್ಲೇ ಎದ್ದು ಬಂದು, ಮುಖ ನನ್ನ ಮಗನದ್ದೇ, ಮಾತಾಡುವವನು ಯಾರೋ ಎಂದು ಅತ್ತರಂತೆ. ನಾಚಿಕೆಯಾಗಿ ಇವರು ಮತ್ತೆ ಯಾವ ಚಿತ್ರಕ್ಕೂ ಅಮ್ಮನನ್ನು ಕರೆಯಲಿಲ್ಲ. ಮುಂದೆ ಆ ಸ್ವರದವನು ತೀರಿಕೊಂಡ. ಬೇರೆಯವನಿಂದ ಹೇಳಿಸಿದರೆ ಜನ ಒಪ್ಪಲಿಲ್ಲ, ಇವರ ಸ್ವಂತ ಸ್ವರ ಯಾರಿಗೂ ಬೇಕಿರಲಿಲ್ಲ. ಅಲ್ಲಿಗೆ ಸಿನೆಮಾ ಖಲಾಸ್.

ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ, ಯಶ್ಮಿ. ನಿನ್ನ ಅಪ್ಪ ತೀರಿಹೋದಾಗ ನಿನಗೆ ಆರು ವರ್ಷ. ನಿನ್ನನ್ನು ನನ್ನ ಅಕ್ಕನ ಮಡಿಲಿಗೆ ಹಾಕಿ ವಿಮಾನ ಹತ್ತಿದೆ. ನಿನಗೆ ಅಮ್ಮ ಮರೆತುಹೋಗಬಾರದೆಂದು ಪಾಪ, ದೊಡ್ಡಮ್ಮ ಎಲ್ಲವನ್ನೂ ನನ್ನ ಹೆಸರಿನಲ್ಲೇ ಹೇಳಿದಳು. ಅಮ್ಮ ಫೋನ್ ಮಾಡಿದ್ಳು, ಹಾಲು ಕುಡೀಬೇಕಂತೆ. ನೀನು ಫಸ್ಟ್ ಬಂದದ್ದಕ್ಕೆ ಅಮ್ಮ ಅಲ್ಲಿ ಎಲ್ಲರಿಗೂ ಲಡ್ಡು ಹಂಚಿದ್ಳಂತೆ. ಅದರಲ್ಲಿ ಅರ್ಧವನ್ನೂ ನಾನು ಹೇಳಿರಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ನನಗೆ ಮಾತೇ ಬರುತ್ತಿರಲಿಲ್ಲ. ಗೋಡೆಯಲ್ಲಿ ಫೋಟೋ ನನ್ನದು, ಮಾತು ಅವಳದು.

ಕಳೆದ ಸಲ ಬಂದಾಗ ಅಡುಗೆಮನೆಯಲ್ಲಿ ನಾನು ಯಾವುದಕ್ಕೋ ಸಿಡುಕಿದೆ. ದೊಡ್ಡಮ್ಮ ಹೇಳ್ತಿದ್ದ ಅಮ್ಮನೇ ಬೇರೆ, ನೀವು ಬೇರೆ ಎಂದು ನೀನು ಹೇಳಿಬಿಟ್ಟೆ. ಮನೆಗೆ ಬಂದ ನೆಂಟರನ್ನು ಕರೆದ ಹಾಗೆ ‘ನೀವು’ ಎಂದು ಕರೆದೆ. ನಾನು ಏನೂ ಕೇಳಿಸದವಳ ಹಾಗೆ ಪಾತ್ರೆ ತೊಳೆದೆ.

ಈಗ ನಿನ್ನ ಮದುವೆ. ಧಾರೆಗೆ ದೊಡ್ಡಪ್ಪ, ದೊಡ್ಡಮ್ಮ ನಿಲ್ಲುತ್ತಾರೆ, ಅಮ್ಮನಿಗೆ ಸುಮ್ಮನೆ ತೊಂದರೆ ಬೇಡ ಎಂದು ನೀನು ಹೇಳಿದೆಯೆಂದು ದೊಡ್ಡಮ್ಮ ಫೋನಿನಲ್ಲಿ ತಿಳಿಸಿದಳು. ಅವರು ನಿಲ್ಲುವುದು ನ್ಯಾಯವೇ. ಆದರೆ ಧಾರೆ ಗಿಂಡಿಯಿಂದ ನೀರು ಬೀಳುವಾಗ ಮನೆಯವರೆಲ್ಲ ಅದಕ್ಕೆ ಕೈ ತಾಗಿಸುತ್ತಾರಲ್ಲ, ಕೈ ಎಟುಕದವರು ಮುಂದಿದ್ದವರ ಮೊಣಕೈ ಹಿಡಿದುಕೊಳ್ಳುತ್ತಾರಲ್ಲ, ಆ ಗುಂಪಿನಲ್ಲಿ ಎಲ್ಲೋ ಹಿಂದೆ ನಾನೂ ಇರಬೇಕು ಎಂದು ಆಸೆ. ಇಷ್ಟು ವರ್ಷ ಯಾರ್ಯಾರದೋ ಅಪ್ಪ ಅಮ್ಮಂದಿರನ್ನು ಮೀಯಿಸುತ್ತ ನಾನು ಎಣಿಸಿಕೊಂಡದ್ದು ಅದೊಂದನ್ನೇ.

ಕಳೆದ ವಾರ ಇಲ್ಲಿಯ ಸಿನೆಮಾ ಉತ್ಸವವೊಂದರಲ್ಲಿ ಅಜ್ಜನ ಹಳೆಯ ಚಿತ್ರ ಹಾಕಿದರು. ಗಾಲಿಕುರ್ಚಿ ತಳ್ಳಿಕೊಂಡು ನಾನೂ ಹೋದೆ. ಪರದೆಯ ಮೇಲೆ ಆ ಚಂದದ ಹುಡುಗ ದಪ್ಪ ಸ್ವರದಲ್ಲಿ ಮಾತಾಡುವಾಗ ಅಜ್ಜ ನನ್ನ ಪಕ್ಕದಲ್ಲಿ ಅದೇ ಮಾತುಗಳನ್ನು ತಮ್ಮ ಸ್ವರದಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಒಂದನ್ನೂ ಮರೆತಿರಲಿಲ್ಲ. ಮುಗಿದ ಮೇಲೆ ಮೈಕ್ ತಂದರು. ತಾನೇ ಎರಡು ಮಾತು ಹೇಳುತ್ತೇನೆಂದು ಸೊಸೆ ಕೈ ಚಾಚಿದಳು, ಅಜ್ಜ ಕೊಡಲಿಲ್ಲ. ಆ ತೆಳ್ಳಗಿನ, ಒಡೆದ ಸ್ವರ ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರು ನಿಲ್ಲಿಸಲಿಲ್ಲ, ತಮ್ಮ ಊರಿನ ಮಾತಿನಲ್ಲಿ ಏನೋ ಹೇಳಿಯೇ ಬಿಟ್ಟರು. ಏನು ಹೇಳಿದಿರಿ ಎಂದು ಕಾರಿನಲ್ಲಿ ಕೇಳಿದೆ. ‘ಅಮ್ಮಾ, ಇದು ನಾನೇ’ ಎಂದರಂತೆ. ನಾನು ಗೊಳೋ ಎಂದು ಅತ್ತೆ. ಅವರ ಕಾರಿನ ಡ್ರೈವರ್ ನಮ್ಮ ಶಿರ್ವದ ಯುಜಿನ್. ಗಾಬರಿಯಾಗಿ ಕಾರು ಬದಿಗೆ ಹಾಕಿ, ಎಂತಾಯ್ತು ಲೋಲಾಕ್ಷಿಯಕ್ಕ, ಅಜ್ಜನಿಗೆ ಎಂತಾದ್ರೂ ಆಯ್ತಾ ಎಂದು ಕೇಳಿದ.

ಅದಕ್ಕೇ ಈ ಕಾಗದ. ನಾನು ಸಿಡುಕಿನವಳು, ನಯವಾಗಿ ಮಾತಾಡಲು ಬಾರದವಳು. ಲಡ್ಡು ಹಂಚಿದವಳು ನಾನಲ್ಲ. ನೀನು ಫಸ್ಟ್ ಬಂದ ದಿನ ಯಾರಿಗೆ ಹೇಳುವುದೆಂದು ತಿಳಿಯದೆ ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದ ಹೆಂಗಸಿಗೆ ಹೇಳಿದವಳು ನಾನು. ಅವಳಿಗೆ ನನ್ನ ಭಾಷೆ ಗೊತ್ತಿರಲಿಲ್ಲ. ನಿನಗಿರುವುದು ಈ ಅಮ್ಮನೇ, ಮಗಾ.

ದೊಡ್ಡಮ್ಮನ ಮೇಲೆ ಮಾತ್ರ ಸಿಟ್ಟಾಗಬೇಡ. ಅವಳು ಇಲ್ಲದಿದ್ದರೆ ನಿನಗೆ ಅಷ್ಟು ಅಮ್ಮನೂ ಸಿಗುತ್ತಿರಲಿಲ್ಲ.

ಇಲ್ಲಿಂದ ನಿನ್ನನ್ನೇ ನೆನೆಯುವ,
ಅಮ್ಮ
ಲೋಲಾಕ್ಷಿ

ತಾ.ಕ.: ರಜೆ ಸಿಗದಿದ್ರೆ ಇರ್ಲಿ, ಪರ್ವಾಗಿಲ್ಲ ಎಂದು ಮೊನ್ನೆ ಮೆಸೇಜ್ ಹಾಕಿದ್ದೀಯ. ರಜೆ ಸಿಗಲಿಲ್ಲವೆಂದು ನಾನು ಹೇಳಿಯೇ ಇಲ್ಲ. ಯಶ್ಮಿ ಒಂದು ಸಲ ಬಾ ಅಂದ್ರೆ ಸಾಕು, ಬರ್ತೇನೆ ಎಂದು ದೊಡ್ಡಮ್ಮನಿಗೆ ಹೇಳಿದ್ದೆ. ನೀನು ಕರೆಯದೆ ಹೋದರೆ ನನಗೆ ನೋವಾದೀತೆಂದು ಅವಳೇ ನಿನಗೊಂದು, ನನಗೊಂದು ಹೇಳಿ ನಡುವೆ ತೇಪೆ ಹಾಕಿರಬೇಕು. ಅಜ್ಜ ಮಗನಿಗೆ ಹೇಳಿ ರಜೆ ಕೊಡಿಸಿದ್ದಾರೆ. ಹಾಗಾದರೆ ಧಾರೆಯ ವಿಷಯದಲ್ಲಿ ‘ಅಮ್ಮನಿಗೆ ತೊಂದರೆ ಬೇಡ’ ಎಂದವರು ಯಾರು, ನೀನೋ ಅವಳೋ? ಫೋನ್ ಮಾಡು. ಬರಬೇಡ ಎನ್ನುವುದಾದರೂ ಸರಿ, ನಿನ್ನ ಬಾಯಿಂದಲೇ ಹೇಳು.